ಲೆ ಮಾನ್ 24 ಗಂಟೆಗಳ ಕಾರ್ ರೇಸ್: ಇತಿಹಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲೆ ಮಾನ್ ಎಲ್ಲಿದೆ? ಅದು ಬೇರೆ ರೇಸ್‌ಗಳಿಗಿಂತ ಹೇಗೆ ಭಿನ್ನ?

ಲೆ ಮಾನ್ ಫ್ರಾನ್ಸಿನ ಸಾರ್ಥ್ ಪ್ರಾಂತ್ಯದ ಊರು. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಇಲ್ಲಿ ಶನಿವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ಎಡೆಬಿಡದೆ ರೇಸ್ ನಡೆಯುತ್ತದೆ. ಫಾರ್ಮುಲಾ 1ರಲ್ಲಿ ದೂರ ಮೊದಲೇ ಗೊತ್ತಿರುತ್ತದೆ, ಅದನ್ನು ಮೊದಲು ಮುಗಿಸಿದವರು ಗೆಲ್ಲುತ್ತಾರೆ. ಇಲ್ಲಿ ಗೊತ್ತಿರುವುದು ಹೊತ್ತು ಮಾತ್ರ. 24 ಗಂಟೆಯಲ್ಲಿ ಹೆಚ್ಚು ದೂರ ಓಡಿದ ಕಾರು ಗೆಲ್ಲುತ್ತದೆ. ಈಗಿನ ಒಂದು ಸುತ್ತು 13.626 ಕಿ.ಮೀ. ಅದರ ಬಹುಭಾಗ ವರ್ಷದ ಉಳಿದ ದಿನಗಳಲ್ಲಿ ಲಾರಿ, ಕಾರುಗಳು ಓಡಾಡುವ ಸಾರ್ವಜನಿಕ ರಸ್ತೆ. ರೇಸ್‌ಗಾಗಿಯೇ ಕಟ್ಟಿದ ಟ್ರ್ಯಾಕ್‌ನಲ್ಲಿ ಇಲ್ಲದ ಉಬ್ಬುತಗ್ಗುಗಳು, ಮಧ್ಯಭಾಗ ಎತ್ತರವಾಗಿ ಎರಡೂ ಅಂಚಿಗೆ ಇಳಿಜಾರಾದ ಡಾಂಬರು ಇಲ್ಲಿವೆ.

ವೇಗದ ಕಾರು ತಾನೇ ಗೆಲ್ಲುವುದು?

ಬಹಳಷ್ಟು ಸಲ ಇಲ್ಲ. ಲೆಕ್ಕ ಹಾಕಿ ನೋಡಿ. ನಿಮ್ಮ ಕಾರು ಎದುರಾಳಿಗಿಂತ ಸುತ್ತಿಗೆ ಒಂದು ಸೆಕೆಂಡ್ ಚುರುಕು ಎಂದಿಟ್ಟುಕೊಳ್ಳಿ. 350 ಸುತ್ತಿಗೆ ಸಿಗುವ ಮುನ್ನಡೆ 350 ಸೆಕೆಂಡ್, ಆರು ನಿಮಿಷಕ್ಕೂ ಕಡಿಮೆ. ಒಂದು ಹಾಳಾದ ಆಲ್ಟರ್ನೇಟರ್, ಒಂದು ಸೋರುವ ರೇಡಿಯೇಟರ್ ಅದನ್ನು ಒಂದೇ ಪೆಟ್ಟಿಗೆ ನುಂಗುತ್ತದೆ. ಗೇರ್‌ಬಾಕ್ಸ್ ದುರಸ್ತಿಗೆ ಅರ್ಧ ಗಂಟೆ ಹೋದರೆ ಎಂಟು ಸುತ್ತು ಹಿಂದೆ ಬಿದ್ದಂತೆ. ಆದ್ದರಿಂದ ಈ ರೇಸಿನ ಇತಿಹಾಸ ಎಂದರೆ ಬಹುಪಾಲು ಏನು ಮುರಿಯಿತು, ಯಾಕೆ ಮುರಿಯಿತು, ಅದನ್ನು ಎಷ್ಟು ಬೇಗ ಸರಿಪಡಿಸಿದರು ಎಂಬುದರ ಇತಿಹಾಸ. ಈ ಪುಟದ ಉತ್ತರಗಳೆಲ್ಲ ಅದೇ ದಾರಿಯಲ್ಲಿ ಸಾಗುತ್ತವೆ.

ಇದಕ್ಕೂ ಮೊದಲು 24 ಗಂಟೆಗಳ ಓಟ ಇರಲಿಲ್ಲವೇ?

ಇತ್ತು. ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್‌ನಲ್ಲಿ 1905ರಲ್ಲೇ ಮಣ್ಣಿನ ಟ್ರ್ಯಾಕ್ ಮೇಲೆ ನಡೆದಿತ್ತು. 1907ರ ಜೂನ್‌ನಲ್ಲಿ ಇಂಗ್ಲೆಂಡಿನ ಹೊಸ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕ್‌ನಲ್ಲಿ ಸೆಲ್ವಿನ್ ಎಡ್ಜ್ ಒಬ್ಬರೇ ನೇಪಿಯರ್ ಕಾರನ್ನು 24 ಗಂಟೆ ಓಡಿಸಿ 1,581 ಮೈಲಿ ಕ್ರಮಿಸಿದರು. ಅದು ದಾಖಲೆಯ ಪ್ರಯತ್ನ, ಪೈಪೋಟಿಯಲ್ಲ.

ಹಾಗಾದರೆ 1923ರಲ್ಲಿ ಲೆ ಮಾನ್ ಶುರು ಮಾಡಿದ್ದು ಯಾಕೆ?

ಜನ ಕೊಳ್ಳುವಂಥ ಕಾರುಗಳನ್ನು ಪರೀಕ್ಷಿಸಲು. ಆಗಿನ ಗ್ರಾಂ ಪ್ರಿ ಕಾರುಗಳು ರೇಸಿಗೆಂದೇ ಮಾಡಿದವು. ಅವುಗಳಿಗೆ ದೀಪ, ಮಡ್‌ಗಾರ್ಡ್, ಹುಡ್ ಯಾವುದೂ ಬೇಕಿರಲಿಲ್ಲ. ರಾತ್ರಿ ಹೊತ್ತು ನಂಬಿ ಓಡಿಸಬಹುದಾದ ಹೆಡ್‌ಲೈಟ್, ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಎಂಜಿನ್ ಕೊಂಡವರಿಗೆ ಬೇಕು ಎಂಬ ವಿಚಾರವನ್ನು ಮೂವರು ಮುಂದಿಟ್ಟರು: ಸ್ಥಳೀಯ ಸಂಘಟನೆಯಾದ ಆಟೊಮೊಬೈಲ್ ಕ್ಲಬ್ ಡಿ ಲೂಯೆಸ್ಟ್‌ನ ಜಾರ್ಜ್ ಡುರಾಂ, ಪತ್ರಕರ್ತ ಶಾರ್ಲ್ ಫರೂ, ಚಕ್ರ ತಯಾರಿಸುವ ರಜ್-ವಿಟ್‌ವರ್ತ್ ಕಂಪನಿಯ ಫ್ರೆಂಚ್ ಶಾಖೆಯ ಎಮಿಲ್ ಕೊಕಿಲ್. ಮೊದಲ ಓಟ 1923ರ ಮೇ 26 ಮತ್ತು 27ರಂದು 17.262 ಕಿ.ಮೀ. ಉದ್ದದ ಸುತ್ತಿನಲ್ಲಿ ನಡೆಯಿತು. 33 ಕಾರುಗಳು ಹೊರಟವು.

ಆ ಮೊದಲ ರೇಸ್ ಗೆದ್ದದ್ದು ಯಾರು?

ಹೆಚ್ಚು ದೂರ ಓಡಿದ್ದು ಆಂದ್ರೆ ಲಗಾಶ್ ಮತ್ತು ರೆನೆ ಲಿಯೊನಾರ್ ಅವರ ಶೆನಾರ್-ವಾಲ್ಕರ್, 2,209 ಕಿ.ಮೀ. ಪಟ್ಟಿಗಳಲ್ಲೆಲ್ಲ ಅವರ ಹೆಸರೇ ಇದೆ. ಆದರೆ ಆ ದಿನ ಅಧಿಕೃತವಾಗಿ ಒಬ್ಬ ವಿಜೇತನನ್ನು ಘೋಷಿಸುವ ಏರ್ಪಾಡೇ ಇರಲಿಲ್ಲ. ಮೂರು ವರ್ಷಗಳ ಸಾಧನೆ ನೋಡಿ ಕಪ್ ಕೊಡುವ ಯೋಜನೆ ಅದು, ಎಂಜಿನ್ ಗಾತ್ರಕ್ಕೆ ತಕ್ಕಂತೆ ಗುರಿ ದೂರವೂ ಬೇರೆ ಬೇರೆ. ಜನಕ್ಕೆ ಮಾತ್ರ ಯಾರು ಮುಂದೆ ಎಂಬುದಷ್ಟೇ ಬೇಕಿತ್ತು, ಆ ಲೆಕ್ಕಾಚಾರ ಬೇಗನೆ ಹಿಂದೆ ಸರಿಯಿತು.

ಆ ಕಾಲದಲ್ಲಿ ಕಾರು ಕೆಟ್ಟರೆ ಏನು ಮಾಡುತ್ತಿದ್ದರು?

ಚಾಲಕರೇ ಇಳಿದು ರಿಪೇರಿ ಮಾಡಬೇಕಿತ್ತು, ಅದೂ ಕಾರಿನಲ್ಲಿ ಹೊತ್ತು ತಂದ ಸ್ಪ್ಯಾನರು, ಬಿಡಿಭಾಗಗಳಿಂದ. 1923ರ ಬೆಂಟ್ಲಿಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಜಾನ್ ಡಫ್ ಮತ್ತು ಫ್ರ್ಯಾಂಕ್ ಕ್ಲೆಮೆಂಟ್ ಅವರ ಆ ಕಾರಿಗೆ ಹಿಂದಿನ ಚಕ್ರಗಳಿಗಷ್ಟೇ ಬ್ರೇಕ್ ಇತ್ತು. ಜಲ್ಲಿರಸ್ತೆಯ ಕಲ್ಲು ಹಾರಿ ಮೊದಲು ಒಂದು ಹೆಡ್‌ಲೈಟ್ ಒಡೆಯಿತು, ಆಮೇಲೆ ಪೆಟ್ರೋಲ್ ಟ್ಯಾಂಕ್ ತೂತಾಯಿತು. ಟ್ಯಾಂಕ್ ಬರಿದಾಗಿ ಕಾರು ನಿಂತಲ್ಲಿಂದ ಡಫ್ ಪಿಟ್‌ಗೆ, ಎಂದರೆ ರಸ್ತೆ ಬದಿಯಲ್ಲಿ ತಂಡಗಳು ಇಂಧನ ತುಂಬಿಸುವ, ಕಾರು ನೋಡಿಕೊಳ್ಳುವ ಜಾಗಕ್ಕೆ, ಓಡಿಬಂದರು. ಕ್ಲೆಮೆಂಟ್ ಸೈಕಲ್ ಮೇಲೆ ಪೆಟ್ರೋಲ್ ಕ್ಯಾನ್ ಹೇರಿಕೊಂಡು ಹೋಗಿ, ತೂತಿಗೆ ಬಿರಡೆ ಬಡಿದು ಕಾರನ್ನು ತಂದರು. ಮರುವರ್ಷ ಬೆಂಟ್ಲಿ ನಾಲ್ಕೂ ಚಕ್ರಕ್ಕೆ ಬ್ರೇಕ್, ದೀಪಕ್ಕೆ ತಂತಿ ಜಾಲರಿ, ಟ್ಯಾಂಕಿಗೆ ರಕ್ಷಾಕವಚ ಹಾಕಿಕೊಂಡು ಬಂತು. 1924ರಲ್ಲಿ ಗೆದ್ದದ್ದು ಅದೇ ಜೋಡಿ. ಎಂಜಿನ್‌ಗೆ ಶಕ್ತಿ ಸೇರಿಸಿದ್ದಕ್ಕಿಂತ ಕಲ್ಲನ್ನು ತಡೆದದ್ದು ಹೆಚ್ಚು ಲಾಭ ಕೊಟ್ಟಿತು.

1927ರಿಂದ 1930ರವರೆಗೆ ಬೆಂಟ್ಲಿಯೇ ಸತತ ನಾಲ್ಕು ಸಲ ಗೆದ್ದಿತು. ಅದರಲ್ಲಿ 1927ರ ಗೆಲುವು ಅಸಾಧಾರಣ. ಮೇಜಾನ್ ಬ್ಲಾಂಶ್ ತಿರುವಿನ ಸರಣಿ ಅಪಘಾತದಲ್ಲಿ ತಂಡದ ಮೂರೂ ಕಾರುಗಳು ಸಿಕ್ಕಿಬಿದ್ದವು. ಡೇವಿಸ್ ಮತ್ತು ಬೆಂಜಾಫೀಲ್ಡ್ ಅವರ ಕಾರು ಮಾತ್ರ ಡೊಂಕಾದ ಮುಂಭಾಗದೊಂದಿಗೆ ಹೊರಬಂದು ಕೊನೆಯವರೆಗೂ ಓಡಿ ಮೊದಲ ಸ್ಥಾನ ಪಡೆಯಿತು.

ಒಬ್ಬರೇ 24 ಗಂಟೆ ಓಡಿಸಿದ್ದುಂಟೇ?

ಹತ್ತಿರ ಹತ್ತಿರ ಬಂದವರಿದ್ದಾರೆ. ಯುದ್ಧಾನಂತರದ ಮೊದಲ ಓಟ 1949ರದು. ಅದರಲ್ಲಿ ಲುಯಿಜಿ ಕಿನೆಟ್ಟಿ ಫೆರಾರಿ 166ನ್ನು 22 ಗಂಟೆಗೂ ಹೆಚ್ಚು ಕಾಲ ತಾವೇ ಓಡಿಸಿ ಫೆರಾರಿಗೆ ಅಲ್ಲಿನ ಮೊದಲ ಗೆಲುವು ತಂದರು. 1950ರಲ್ಲಿ ಲುಯಿ ರೋಸಿಯೆ ತಮ್ಮ ಮಗನಿಗೆ ಕೆಲವೇ ಸುತ್ತು ಬಿಟ್ಟುಕೊಟ್ಟು ಗೆದ್ದರು. 1952ರಲ್ಲಿ ಪಿಯರ್ ಲೆವೆ ಟಾಲ್ಬೊ ಕಾರನ್ನು ಒಬ್ಬರೇ ಓಡಿಸುತ್ತ ನಾಲ್ಕು ಸುತ್ತು ಮುಂದಿದ್ದರು. ಗೆಲುವಿಗೆ ಸುಮಾರು ಒಂದು ಗಂಟೆ ಬಾಕಿ ಇದ್ದಾಗ ಎಂಜಿನ್ ಮುರಿಯಿತು, ಗೆಲುವು ಮರ್ಸಿಡಿಸ್ ಪಾಲಾಯಿತು. ಆಮೇಲೆ ಚಾಲನೆಯ ಹೊತ್ತಿಗೆ ಮಿತಿ ಬಂತು. ಈಗಿನ ನಿಯಮದಲ್ಲಿ ಯಾವುದೇ ಆರು ಗಂಟೆಯ ಅವಧಿಯಲ್ಲಿ ಒಬ್ಬರು ನಾಲ್ಕು ಗಂಟೆ ಮೀರುವಂತಿಲ್ಲ, ಇಡೀ ರೇಸಿನಲ್ಲಿ 14 ಗಂಟೆ ಮೀರುವಂತಿಲ್ಲ. ಕಾರಿಗೆ ಮೂವರು ಚಾಲಕರು.

ಡಿಸ್ಕ್ ಬ್ರೇಕ್ ಇಲ್ಲಿಂದಲೇ ಬಂತೆ?

ಹುಟ್ಟಿದ್ದು ಇಲ್ಲಲ್ಲ, ಆದರೆ ಲೋಕಕ್ಕೆಲ್ಲ ಸಾಬೀತಾದದ್ದು ಇಲ್ಲಿ. ಡ್ರಮ್ ಬ್ರೇಕ್‌ನಲ್ಲಿ ಶೂಗಳು ಡ್ರಮ್ಮಿನ ಒಳಗಡೆ ಒತ್ತುತ್ತವೆ. ಬಿಸಿಯಾದಾಗ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಶಾಖವೂ ಒಳಗೇ ಉಳಿಯುತ್ತದೆ, ಪೆಡಲ್ ಎಷ್ಟು ತುಳಿದರೂ ಹಿಡಿತ ಸಾಲದು. ಸುಮಾರು 6 ಕಿ.ಮೀ. ನೇರ ರಸ್ತೆಯ ಕೊನೆಯಲ್ಲಿ ಮ್ಯುಲ್ಸಾನ್‌ನ ಬಿಗಿ ತಿರುವು. ಅಲ್ಲಿ ಪ್ರತಿ ಸುತ್ತಿಗೂ ಹೀಗೆ ಆಗುತ್ತಿತ್ತು. ಡಿಸ್ಕ್ ಗಾಳಿಗೆ ತೆರೆದಿರುತ್ತದೆ, ಹಿಗ್ಗಿದರೆ ಪ್ಯಾಡ್ ಕಡೆಗೇ ಬರುತ್ತದೆ. 1953ರಲ್ಲಿ ಡನ್‌ಲಪ್ ಡಿಸ್ಕ್ ಹಾಕಿದ ಜಾಗ್ವಾರ್ ಸಿ-ಟೈಪ್‌ನಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗೆದ್ದರು. ಸರಾಸರಿ ವೇಗ ಗಂಟೆಗೆ 100 ಮೈಲಿ ದಾಟಿದ್ದೂ ಅಂದೇ ಮೊದಲು. ಎದುರಾಳಿಗಳಿಗಿಂತ ತಡವಾಗಿ ಬ್ರೇಕ್ ಹಿಡಿಯಬಹುದಿತ್ತು, ಬೆಳಗಿನ ಜಾವದಲ್ಲೂ ಬ್ರೇಕ್ ಹಾಗೆಯೇ ಇತ್ತು.

1955ರಲ್ಲಿ ಏನಾಯಿತು? ಯಾರ ತಪ್ಪು?

ಜೂನ್ 11ರ ಸಂಜೆ, ಓಟ ಶುರುವಾಗಿ ಎರಡೂವರೆ ಗಂಟೆ ಆಗಿತ್ತು. ಮೈಕ್ ಹಾಥಾರ್ನ್ ತಮ್ಮ ಜಾಗ್ವಾರ್‌ನಲ್ಲಿ ಲ್ಯಾನ್ಸ್ ಮ್ಯಾಕ್ಲಿನ್‌ರ ಆಸ್ಟಿನ್-ಹೀಲಿಯನ್ನು ದಾಟಿ, ಕೂಡಲೇ ಪಿಟ್‌ಗೆ ಹೋಗಲು ಬ್ರೇಕ್ ಹಿಡಿದರು. ಮ್ಯಾಕ್ಲಿನ್ ತಪ್ಪಿಸಿಕೊಳ್ಳಲು ಎಡಕ್ಕೆ ಸರಿದರು. ಹಿಂದಿನಿಂದ ಇನ್ನೂ ವೇಗವಾಗಿ ಬರುತ್ತಿದ್ದ ಪಿಯರ್ ಲೆವೆ ಅವರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಆ ಕಾರಿನ ಹಿಂಭಾಗ ಏರಿ ಹಾರಿ ಮಣ್ಣಿನ ದಿಬ್ಬಕ್ಕೆ ಅಪ್ಪಳಿಸಿತು. ಎಂಜಿನ್, ಮುಂಭಾಗದ ಆಕ್ಸಲ್ ಕಿತ್ತು ಪ್ರೇಕ್ಷಕರ ಮೇಲೆ ಬಿದ್ದವು. ಲೆವೆ ಜೊತೆಗೆ 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಕಾರಿನ ಮೈ ಮೆಗ್ನೀಸಿಯಂ ಮಿಶ್ರಲೋಹದ್ದು. ಅಂಥ ಬೆಂಕಿಗೆ ನೀರು ಹಾಕಿದರೆ ಇನ್ನೂ ಉರಿಯುತ್ತದೆ, ಅಲ್ಲಿ ಆದದ್ದೂ ಅದೇ.

ಒಬ್ಬ ಚಾಲಕನ ಮೇಲೆ ಹೊರೆ ಹಾಕುವುದು ಸರಿಯಲ್ಲ. ಆಗ ಪಿಟ್‌ಗೂ ರೇಸ್ ರಸ್ತೆಗೂ ನಡುವೆ ಗೋಡೆ ಇರಲಿಲ್ಲ, ವೇಗ ಇಳಿಸಲು ಬೇರೆ ಲೇನ್ ಇರಲಿಲ್ಲ, ಜನರಿಗೂ ಕಾರಿಗೂ ನಡುವೆ ಇದ್ದದ್ದು ಗಿಡ್ಡ ದಿಬ್ಬವಷ್ಟೇ. ಅದೇ ರಸ್ತೆಯನ್ನು 1923ರ ಕಾರುಗಳ ವೇಗಕ್ಕೆ ಆರಿಸಿದ್ದು. ರೇಸ್ ನಿಲ್ಲಿಸಿದರೆ ಮನೆಗೆ ಹೊರಟ ಜನ ರಸ್ತೆ ತುಂಬಿ ಆಂಬುಲೆನ್ಸ್‌ಗಳಿಗೆ ದಾರಿ ಸಿಗದು ಎಂದು ಸಂಘಟಕರು ಓಟ ಮುಂದುವರಿಸಿದರು. ಮರ್ಸಿಡಿಸ್ ಮುನ್ನಡೆಯಲ್ಲಿದ್ದರೂ ನಡುರಾತ್ರಿ ದಾಟಿದ ಮೇಲೆ ತನ್ನ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಸ್ವಿಟ್ಜರ್ಲೆಂಡ್ ತನ್ನ ನೆಲದಲ್ಲಿ ಸರ್ಕ್ಯೂಟ್ ರೇಸ್‌ಗಳನ್ನೇ ನಿಷೇಧಿಸಿತು. 1956ರ ಹೊತ್ತಿಗೆ ಲೆ ಮಾನ್‌ನ ಪಿಟ್ ಪ್ರದೇಶವನ್ನು ಅಗಲ ಮಾಡಿ ಮತ್ತೆ ಕಟ್ಟಿದರು.

ಚಾಲಕರು ರಸ್ತೆ ದಾಟಿ ಓಡಿ ಕಾರು ಹತ್ತುತ್ತಿದ್ದ ಪದ್ಧತಿ ಯಾಕೆ ನಿಂತಿತು?

ಬೇಗ ಹೊರಡುವ ಅವಸರದಲ್ಲಿ ಸೀಟ್ ಬೆಲ್ಟ್ ಕಟ್ಟಿಕೊಳ್ಳುತ್ತಿರಲಿಲ್ಲ. 1969ರಲ್ಲಿ ಜಾಕಿ ಇಕ್ಸ್ ಇದನ್ನು ಪ್ರತಿಭಟಿಸಿ ರಸ್ತೆಯನ್ನು ನಡೆದೇ ದಾಟಿದರು, ಬೆಲ್ಟ್ ಬಿಗಿದು ಕೊನೆಯವರಾಗಿ ಹೊರಟರು. ಮೊದಲ ಸುತ್ತಿನಲ್ಲೇ ಜಾನ್ ವುಲ್ಫ್ ಪೋರ್ಷೆ 917 ಅಪಘಾತದಲ್ಲಿ ಕಾರಿನಿಂದ ಎಸೆಯಲ್ಪಟ್ಟು ಸತ್ತರು. ಮರುದಿನ ಗೆದ್ದವರು ಇಕ್ಸ್ ಮತ್ತು ಜಾಕಿ ಆಲಿವರ್. 24 ಗಂಟೆಯ ಬಳಿಕ ಅಂತರ ಸುಮಾರು 120 ಮೀಟರ್! 1970ರಲ್ಲಿ ಚಾಲಕರು ಬೆಲ್ಟ್ ಕಟ್ಟಿ ಕೂತೇ ಹೊರಟರು. 1971ರಿಂದ ಚಲಿಸುತ್ತಲೇ ಶುರುವಾಗುವ ರೋಲಿಂಗ್ ಸ್ಟಾರ್ಟ್ ಬಂತು.

ಫೋರ್ಡ್ ಫೆರಾರಿಯನ್ನು ಸೋಲಿಸಿದ್ದು ದೊಡ್ಡ ಎಂಜಿನ್‌ನಿಂದಲೇ?

ಏಳು ಲೀಟರ್ ಎಂಜಿನ್ ಒಂದು ಭಾಗ. 1960ರಿಂದ 1965ರವರೆಗೆ ಫೆರಾರಿ ಸತತ ಆರು ಸಲ ಗೆದ್ದಿತ್ತು. ಫೋರ್ಡ್ ಜಿಟಿ40 ಮೊದಲ ಎರಡು ವರ್ಷ ಒಂದೂ ಕಾರನ್ನು ಕೊನೆ ಮುಟ್ಟಿಸಲಿಲ್ಲ. 1966ಕ್ಕೆ ಅವರು ಮಾಡಿದ ನಿಜವಾದ ಕೆಲಸ ಎರಡು. ಎಂಜಿನ್ನನ್ನು ಪರೀಕ್ಷಾ ಕೊಠಡಿಯಲ್ಲಿ ಲೆ ಮಾನ್ ಸುತ್ತಿನ ಏರಿಳಿತದಂತೆಯೇ ಗಂಟೆಗಟ್ಟಲೆ ಓಡಿಸಿದರು. ಭಾರದ ಕಾರಿಗೆ ಬ್ರೇಕ್ ಡಿಸ್ಕ್ ತಾಳುವುದಿಲ್ಲ ಎಂದು ಗೊತ್ತಾದಾಗ, ಫಿಲ್ ರೆಮಿಂಗ್ಟನ್ ಪಿಟ್‌ನಲ್ಲೇ ಥಟ್ಟನೆ ಬದಲಿಸಬಹುದಾದ ಡಿಸ್ಕ್ ವ್ಯವಸ್ಥೆ ರೂಪಿಸಿದರು. ತಾಳುವಂತೆ ಮಾಡಲಾಗದಿದ್ದರೆ ಬೇಗ ಬದಲಿಸುವಂತೆ ಮಾಡು ಎಂಬ ಈ ಉಪಾಯ ಮುಂದೆ ಮತ್ತೆ ಮತ್ತೆ ಕಾಣಿಸುತ್ತದೆ.

ಫೋರ್ಡ್ ಮೊದಲ ಮೂರೂ ಸ್ಥಾನ ಪಡೆಯಿತು. ಫೋಟೊಗಾಗಿ ಕಾರುಗಳನ್ನು ಒಟ್ಟಿಗೆ ಗೆರೆ ದಾಟಿಸಲು ಹೋಗಿ ಕೆನ್ ಮೈಲ್ಸ್ ಮತ್ತು ಡೆನಿ ಹಲ್ಮ್ ಎರಡನೆಯವರಾದರು. ಶುರುವಿನಲ್ಲಿ ಹಿಂದಿನ ಸ್ಥಾನದಿಂದ ಹೊರಟಿದ್ದ ಮೆಕ್‌ಲಾರೆನ್ ಮತ್ತು ಆಮನ್ 24 ಗಂಟೆಯಲ್ಲಿ ಆ ಅಂತರದಷ್ಟು ಹೆಚ್ಚು ಓಡಿದಂತಾಯಿತು. ನಿಯಮದ ಪ್ರಕಾರ ತೀರ್ಪು ಸರಿ, ಮೈಲ್ಸ್‌ಗೆ ಮಾತ್ರ ಅನ್ಯಾಯವಾಯಿತು.

ಪೋರ್ಷೆ 917 ಯಾಕೆ ಅಷ್ಟು ಪ್ರಸಿದ್ಧ?

ಐದು ಲೀಟರ್ ವರ್ಗಕ್ಕೆ 25 ಕಾರು ತಯಾರಿಸಬೇಕು ಎಂಬ ನಿಯಮ ಇತ್ತು. ಪೋರ್ಷೆ 1969ರಲ್ಲಿ 25 ಕಾರುಗಳನ್ನು ಸಾಲಾಗಿ ನಿಲ್ಲಿಸಿ ತೋರಿಸಿತು. ಆದರೆ ಕಾರು ವೇಗದಲ್ಲಿ ನೆಲ ಹಿಡಿಯುತ್ತಿರಲಿಲ್ಲ. ಆ ವರ್ಷ ಆಸ್ಟ್ರಿಯಾದ ಸೆಲ್ಟ್‌ವೆಗ್‌ನಲ್ಲಿ ಪರೀಕ್ಷೆ ನಡೆದಾಗ, ಸತ್ತ ನೊಣಗಳು ಕಾರಿನ ಮುಂಭಾಗಕ್ಕೆಲ್ಲ ಅಂಟಿದ್ದರೂ ಬಾಲದ ಮೇಲೆ ಇರಲಿಲ್ಲ. ಎಂದರೆ ಗಾಳಿಯೂ ಅಲ್ಲಿ ತಾಗುತ್ತಿಲ್ಲ, ಬಾಲ ಏನೂ ಕೆಲಸ ಮಾಡುತ್ತಿಲ್ಲ. ಅಲ್ಯೂಮಿನಿಯಂ ತಗಡು ಬಡಿದು ಬಾಲವನ್ನು ಮೇಲಕ್ಕೆತ್ತಿದರು. ಕಾರು ಹತೋಟಿಗೆ ಬಂತು, ಗಿಡ್ಡ ಬಾಲದ 917ಕೆ ಹುಟ್ಟಿತು. 1970ರಲ್ಲಿ ಹಾನ್ಸ್ ಹೆರ್ಮನ್ ಮತ್ತು ರಿಚರ್ಡ್ ಆಟ್‌ವುಡ್ ಪೋರ್ಷೆಗೆ ಲೆ ಮಾನ್‌ನ ಮೊದಲ ಒಟ್ಟಾರೆ ಗೆಲುವು ತಂದರು. 1971ರಲ್ಲಿ ಹೆಲ್ಮುಟ್ ಮಾರ್ಕೊ ಮತ್ತು ಹೈಸ್ ಫಾನ್ ಲೆನೆಪ್ ಓಡಿದ 5,335 ಕಿ.ಮೀ. ದೂರ 2010ರವರೆಗೆ ದಾಖಲೆಯಾಗಿಯೇ ಉಳಿಯಿತು. ಆ ವರ್ಷ ಆಡಿ 5,410 ಕಿ.ಮೀ. ಓಡಿ ಮುರಿಯಿತು.

ಗ್ರೂಪ್ ಸಿ ಎಂದರೆ ಏನು?

1982ರಲ್ಲಿ ಬಂದ ನಿಯಮ. ಎಂಜಿನ್ ಎಷ್ಟಾದರೂ ದೊಡ್ಡದಿರಲಿ, ಇಂಧನ ಮಾತ್ರ ಇಷ್ಟೇ: 1,000 ಕಿ.ಮೀ.ಗೆ 600 ಲೀಟರ್, ಟ್ಯಾಂಕ್ 100 ಲೀಟರ್, ಕನಿಷ್ಠ ತೂಕ 800 ಕಿಲೊ. ಎಂಜಿನ್‌ಗೆ ಗಾಳಿ ತುರುಕುವ ಟರ್ಬೊದ ಒತ್ತಡ ಏರಿಸಿದರೆ ವೇಗ ಸಿಗುತ್ತದೆ, ಕೊನೆಯ ಗಂಟೆಗೆ ಪೆಟ್ರೋಲ್ ಉಳಿಯುವುದಿಲ್ಲ. ಹೀಗಾಗಿ ಎಂಜಿನ್‌ನ ಎಲೆಕ್ಟ್ರಾನಿಕ್ ನಿಯಂತ್ರಣ ಬಲು ಬೇಗ ಬೆಳೆಯಿತು. ಆ ವರ್ಷವೇ ಪೋರ್ಷೆ 956 ಕಾರುಗಳು 1, 2, 3ನೇ ಸ್ಥಾನ ಪಡೆದವು, ಕಾರುಗಳ ನಂಬರ್ ಕೂಡ 1, 2, 3. 956 ಮತ್ತು 962 ಸೇರಿ 1987ರವರೆಗೆ ಸತತ ಆರು ವರ್ಷ ಗೆದ್ದವು. 1988ರಲ್ಲಿ ಜಾಗ್ವಾರ್ ಆ ಸರಣಿ ಮುರಿಯಿತು. ಇಂಧನಕ್ಕೆ ಮಿತಿ ಹಾಕಿ ಎಂಜಿನಿಯರ್‌ಗಳ ಕೈ ಬಿಚ್ಚಿಟ್ಟ ಈ ನಿಯಮ ಇಡೀ ಇತಿಹಾಸದಲ್ಲೇ ಅತ್ಯುತ್ತಮ ಎಂಬುದು ನಮ್ಮ ಅಭಿಪ್ರಾಯ.

ಗಂಟೆಗೆ 400 ಕಿ.ಮೀ. ದಾಟಿದ್ದು ನಿಜವೇ?

ನಿಜ. 1988ರಲ್ಲಿ ರೋಜೆ ಡೋರ್ಶಿ ಓಡಿಸಿದ ಡಬ್ಲ್ಯುಎಂ-ಪಿಜೊ 405 ಕಿ.ಮೀ. ಮುಟ್ಟಿತು. ಆ ಕಾರು ರೇಸ್ ಮುಗಿಸಲಿಲ್ಲ. ಅಂಥ ವೇಗದಲ್ಲಿ ಟೈರು ಸಿಡಿದರೆ ಉಳಿಗಾಲವಿಲ್ಲ. 1990ರಲ್ಲಿ ನೇರ ರಸ್ತೆಯಲ್ಲಿ ವೇಗ ಇಳಿಸುವ ಎರಡು ಶಿಕೇನ್ (ಎಡಬಲಕ್ಕೆ ಹೊರಳುವ ಬಿಗಿ ತಿರುವು) ಹಾಕಿ ಅದನ್ನು ಮೂರು ತುಂಡು ಮಾಡಿದರು.

1991ರಲ್ಲಿ ಮಜ್ದಾ ಗೆದ್ದದ್ದು ಹೇಗೆ?

ಪಿಸ್ಟನ್ ಇಲ್ಲದ ಎಂಜಿನ್‌ಗೆ ಸಿಕ್ಕ ಏಕೈಕ ಗೆಲುವು ಅದು, ಜಪಾನ್ ಕಂಪನಿಯೊಂದಕ್ಕೆ ಮೊದಲನೆಯದೂ ಹೌದು. ಪಿಸ್ಟನ್ ಬದಲು ತಿರುಗುವ ನಾಲ್ಕು ರೋಟರ್‌ಗಳಿದ್ದ 787ಬಿ ಕಾರಿಗೆ 830 ಕಿಲೊ ತೂಕ ಸಾಕಿತ್ತು, ದೊಡ್ಡ ಎದುರಾಳಿಗಳಿಗೆ 1,000 ಕಿಲೊ. ಹಗುರ ಕಾರಿಗೆ ಟೈರು, ಬ್ರೇಕು ಹೆಚ್ಚು ಬಾಳುತ್ತವೆ. ಮುಂದಿದ್ದ ಮರ್ಸಿಡಿಸ್ ಕೂಲಿಂಗ್ ತೊಂದರೆಯಿಂದ ನಿಂತಾಗ 55ನೇ ನಂಬರಿನ ಮಜ್ದಾ ಮುನ್ನಡೆಗೆ ಬಂದು 362 ಸುತ್ತು ಮುಗಿಸಿತು. ಕೊನೆಯ ಪಾಳಿ ಓಡಿಸಿದ ಜಾನಿ ಹರ್ಬರ್ಟ್ ನೀರಿನಂಶ ಕಳೆದುಕೊಂಡು ಕುಸಿದು ಬಹುಮಾನದ ವೇದಿಕೆ ಏರಲಾಗಲಿಲ್ಲ.

1999ರಲ್ಲಿ ಮರ್ಸಿಡಿಸ್ ಕಾರುಗಳು ಗಾಳಿಗೆ ಹಾರಿದ್ದು ಯಾಕೆ?

ಸಿಎಲ್‌ಆರ್ ಕಾರಿನ ಮೂತಿ, ಬಾಲ ಎರಡೂ ಚಕ್ರದಾಚೆ ಬಹಳ ಚಾಚಿದ್ದವು. ರಸ್ತೆಯ ಉಬ್ಬು ಏರುವಾಗ, ಅದರಲ್ಲೂ ಮುಂದಿನ ಕಾರಿನ ಬೆನ್ನಿಗೇ ಇದ್ದಾಗ, ಮೂತಿಯನ್ನು ನೆಲಕ್ಕೊತ್ತುವ ಗಾಳಿ ಕಡಿಮೆಯಾಗುತ್ತದೆ. ಮೂತಿ ಸ್ವಲ್ಪ ಎದ್ದರೆ ತಳಕ್ಕೆ ಗಾಳಿ ನುಗ್ಗಿ ಇಡೀ ಕಾರು ರೆಕ್ಕೆಯಂತಾಗುತ್ತದೆ. ಮಾರ್ಕ್ ವೆಬರ್ ಎರಡು ಸಲ ಹಾರಿದರು, ರೇಸಿನಲ್ಲಿ ಪೀಟರ್ ಡಂಬ್ರೆಕ್ ಮರಗಳಾಚೆ ಬಿದ್ದರು. ಇಬ್ಬರೂ ಬದುಕಿದ್ದು ದೊಡ್ಡದು. ಈಗಿನ ಕಾರುಗಳ ಬೆನ್ನಿನ ಮೇಲಿನ ಉದ್ದ ರೆಕ್ಕೆ, ಚಕ್ರದ ಮೇಲಿನ ಕಿಂಡಿಗಳು ಇಂಥ ಹಾರಾಟ ತಡೆಯಲೆಂದೇ ಮುಂದೆ ಬಂದವು.

ಆಡಿ ಅಷ್ಟು ಸಲ ಗೆದ್ದ ಗುಟ್ಟೇನು?

2000ದಿಂದ 2014ರವರೆಗೆ 13 ಗೆಲುವು. ಗುಟ್ಟು ರಿಪೇರಿಯಲ್ಲಿತ್ತು. ಆಡಿ ಆರ್8ರ ಗೇರ್‌ಬಾಕ್ಸ್, ಹಿಂದಿನ ಸಸ್ಪೆನ್ಷನ್ ಎಲ್ಲ ಒಂದೇ ಘಟಕ. ಪೈಪುಗಳಿಗೆ ಸೋರದೆ ಥಟ್ಟನೆ ಬಿಚ್ಚುವ ಜೋಡಣೆಗಳಿದ್ದವು. ಹಳೆಯದನ್ನು ಇಡಿಯಾಗಿ ಕಳಚಿ, ಸಿದ್ಧವಾಗಿಟ್ಟ ಹೊಸದನ್ನು ಐದಾರು ನಿಮಿಷಗಳಲ್ಲಿ ಕೂರಿಸುತ್ತಿದ್ದರು. ಬೇರೆಯವರಿಗೆ ಸೋಲು ಅನಿಸುವ ಹಾನಿ ಇವರಿಗೆ ಒಂದೂವರೆ ಸುತ್ತಿನ ನಷ್ಟ. 2006ರಲ್ಲಿ ಡೀಸೆಲ್ ಎಂಜಿನ್‌ಗೆ, 2012ರಲ್ಲಿ ಹೈಬ್ರಿಡ್‌ಗೆ ಲೆ ಮಾನ್‌ನ ಮೊದಲ ಗೆಲುವು ತಂದದ್ದೂ ಆಡಿಯೇ. ಒಂಬತ್ತು ಸಲ ಗೆದ್ದು ಚಾಲಕರ ಪೈಕಿ ಅಗ್ರಸ್ಥಾನದಲ್ಲಿರುವ ಟಾಮ್ ಕ್ರಿಸ್ಟೆನ್ಸನ್‌ರ ಹೆಚ್ಚಿನ ಗೆಲುವುಗಳು ಇದೇ ತಂಡದವು. ತಯಾರಕರ ಪಟ್ಟಿಯಲ್ಲಿ ಪೋರ್ಷೆ 19 ಗೆಲುವಿನೊಂದಿಗೆ ಮೊದಲಿದೆ.

2016ರಲ್ಲಿ ಟೊಯೊಟಾ ಕೊನೆಯ ಗಳಿಗೆಯಲ್ಲಿ ಸೋತದ್ದು ಯಾಕೆ?

ಟರ್ಬೊದಿಂದ, ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ಗಾಳಿ ಕೊಳವೆಯ ಜೋಡಣೆ ಕೈಕೊಟ್ಟಿತು. ಕೆಲವೇ ನಿಮಿಷ ಬಾಕಿ ಇದ್ದಾಗ ಕಝುಕಿ ನಕಾಜಿಮಾ ಅವರ ಕಾರು ಶಕ್ತಿ ಕಳೆದುಕೊಂಡು ಗೆಲುವಿನ ಗೆರೆಯ ಬಳಿಯೇ ನಿಂತಿತು, ಪೋರ್ಷೆ ದಾಟಿಹೋಯಿತು. ಹೇಗೋ ಮತ್ತೆ ಹೊರಟು ಸುತ್ತು ಮುಗಿಸಿದರೂ ಕೊನೆಯ ಸುತ್ತಿಗೆ ಆರು ನಿಮಿಷಕ್ಕಿಂತ ಹೆಚ್ಚು ಹಿಡಿದ ಕಾರಣ ಎರಡನೇ ಸ್ಥಾನವೂ ದಕ್ಕಲಿಲ್ಲ. ಟೊಯೊಟಾ 2018ರಿಂದ 2022ರವರೆಗೆ ಐದು ಸಲ ಗೆದ್ದಿತು.

ಈಗಿನ ಪಿಟ್ ಸ್ಟಾಪ್ ಹೇಗೆ ನಡೆಯುತ್ತದೆ?

ಪಿಟ್ ಲೇನ್‌ನಲ್ಲಿ ಗಂಟೆಗೆ 60 ಕಿ.ಮೀ. ಮಿತಿ. ಕಾರು ತನ್ನ ಜಾಗದಲ್ಲಿ ನಿಂತು ಎಂಜಿನ್ ಆಫ್ ಆಗುತ್ತದೆ. ಮೊದಲು ಇಂಧನ. ಆ ಹೊತ್ತಿನಲ್ಲಿ ಚಾಲಕ ಬದಲಾಗಬಹುದು, ಟೈರು ಮುಟ್ಟುವಂತಿಲ್ಲ. ಪೈಪ್ ತೆಗೆದ ಮೇಲೆ ಗಾಳಿ ಒತ್ತಡದ ನಳಿಕೆ ಚುಚ್ಚಿದರೆ ಕಾರಿನೊಳಗಿನ ಜ್ಯಾಕ್‌ಗಳು ಅದನ್ನು ಎತ್ತುತ್ತವೆ, ಆಗ ಟೈರು. ಟೈರಿನ ಕೆಲಸಕ್ಕೆ ಪ್ರತ್ಯೇಕ ಹೊತ್ತು ಹೋಗುವುದರಿಂದಲೇ ತಂಡಗಳು ಒಂದೇ ಜೊತೆ ಟೈರನ್ನು ಎರಡು ಮೂರು ಟ್ಯಾಂಕ್ ಇಂಧನದ ತನಕ ಓಡಿಸುವುದು. ರಾತ್ರಿಯ ತಂಪಿನಲ್ಲಿ ಇದು ಸುಲಭ.

ಸಾಮಾನ್ಯವಾಗಿ ಎಡವುವುದು ಇಲ್ಲಿ: ಸರಿಯಾಗಿ ಕೂರದ ಚಕ್ರದ ನಟ್ಟು, ರೇಡಿಯೇಟರ್‌ಗೆ ಸೇರಿದ ಜಲ್ಲಿ, ಚೂಪು ಚೂರಿನಿಂದ ಪಂಕ್ಚರ್, ನಿಧಾನ ಕಾರನ್ನು ದಾಟುವ ಆತುರ.

ಹೈಪರ್‌ಕಾರ್ ಎಂದರೆ?

2021ರಿಂದ ಮೇಲ್ಮಟ್ಟದ ವರ್ಗದ ಹೆಸರು. ಕನಿಷ್ಠ ತೂಕ ಸುಮಾರು 1,030 ಕಿಲೊ, ಶಕ್ತಿ ಸುಮಾರು 500 ಕಿಲೊವ್ಯಾಟ್. ಕಂಪನಿ ಇಡೀ ಕಾರನ್ನು ತಾನೇ ಮಾಡಬಹುದು, ಇಲ್ಲವೇ ಎಲ್‌ಎಂಡಿಎಚ್ ನಿಯಮದಂತೆ ಡಲ್ಲಾರಾ, ಲಿಜಿಯೆ, ಮಲ್ಟಿಮ್ಯಾಟಿಕ್, ಒರೆಕಾ ಈ ನಾಲ್ವರಲ್ಲಿ ಒಬ್ಬರ ಚಾಸಿ (ಕಾರಿನ ಮೂಲ ಚೌಕಟ್ಟು) ಮತ್ತು ಎಲ್ಲರಿಗೂ ಒಂದೇ ಆದ ಹೈಬ್ರಿಡ್ ಭಾಗಗಳನ್ನು ಕೊಳ್ಳಬಹುದು. ಖರ್ಚು ಇಳಿದದ್ದರಿಂದ ತಯಾರಕರು ಮತ್ತೆ ಗುಂಪಾಗಿ ಬಂದರು. ಶತಮಾನೋತ್ಸವದ 2023ರಲ್ಲಿ ಫೆರಾರಿ 499ಪಿ ಗೆದ್ದಿತು. 1965ರ ಬಳಿಕ ಫೆರಾರಿಗೆ ಅದು ಮೊದಲ ಒಟ್ಟಾರೆ ಗೆಲುವು. 2024, 2025ರಲ್ಲೂ ಅದೇ ಕಾರು. ಇಂಧನವೂ ಬದಲಾಗಿದೆ: 2022ರಿಂದ ವೈನ್ ತಯಾರಿಕೆಯಲ್ಲಿ ಉಳಿಯುವ ಗಸಿ, ದ್ರಾಕ್ಷಿ ಹಿಪ್ಪೆಯಿಂದ ಮಾಡಿದ್ದನ್ನು ಬಳಸುತ್ತಾರೆ.

ಮಹಿಳೆಯರು ಸ್ಪರ್ಧಿಸಿದ್ದಾರೆಯೇ?

1930ರಿಂದಲೇ. ಒಡೆಟ್ ಸಿಕೊ ಮತ್ತು ಮಾರ್ಗರಿಟ್ ಮರೂಸ್ ಬುಗಾಟಿಯಲ್ಲಿ ಏಳನೆಯವರಾದರು. 1932ರಲ್ಲಿ ಸಿಕೊ ಆಲ್ಫಾ ರೊಮಿಯೊದಲ್ಲಿ ಪಡೆದ ನಾಲ್ಕನೇ ಸ್ಥಾನವನ್ನು ಇನ್ನೂ ಯಾವ ಮಹಿಳೆಯೂ ಮೀರಿಲ್ಲ.

ಭಾರತೀಯರು? ಕರ್ನಾಟಕದವರು?

2012ರಲ್ಲಿ ಕರುಣ್ ಚಂದೋಕ್ ಲೆ ಮಾನ್ ರೇಸಿನಲ್ಲಿ ಓಡಿದ ಮೊದಲ ಭಾರತೀಯರಾದರು. ಡೇವಿಡ್ ಬ್ರಾಭಮ್ ಮತ್ತು 1999ರಲ್ಲಿ ಹಾರಿಬಿದ್ದು ಬದುಕಿದ ಅದೇ ಪೀಟರ್ ಡಂಬ್ರೆಕ್ ಜೊತೆಗೂಡಿ ಒಟ್ಟಾರೆ ಆರನೇ ಸ್ಥಾನ ಪಡೆದರು. 2019ರಲ್ಲಿ ಬೆಂಗಳೂರಿನ ಅರ್ಜುನ್ ಮೈನಿ ಎಲ್‌ಎಂಪಿ2 ವರ್ಗದಲ್ಲಿ (ಮೇಲ್ಮಟ್ಟಕ್ಕಿಂತ ಒಂದು ಹಂತ ಕೆಳಗಿನ, ರೇಸಿಗೆಂದೇ ಮಾಡಿದ ಕಾರುಗಳ ವರ್ಗ) ಓಡಿಸಿದರು.

ಇಂಥ ಬೇರೆ ರೇಸ್‌ಗಳು ಯಾವುವು?

ಬೆಲ್ಜಿಯಂನ ಸ್ಪಾ 24 ಗಂಟೆ 1924ರಿಂದ, ಅಮೆರಿಕದ ಸೆಬ್ರಿಂಗ್ 12 ಗಂಟೆ 1952ರಿಂದ, ಡೇಟೋನಾ 24 ಗಂಟೆ 1966ರಿಂದ, ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ 24 ಗಂಟೆ 1970ರಿಂದ ನಡೆಯುತ್ತಿವೆ. ಸೆಬ್ರಿಂಗ್ ಹಳೆಯ ಯುದ್ಧವಿಮಾನ ನಿಲ್ದಾಣ. ಅದರ ಕಾಂಕ್ರೀಟ್ ಹಾಸುಗಳ ಕುಲುಕಾಟಕ್ಕೆ ಸಸ್ಪೆನ್ಷನ್ ಸೋಲುತ್ತದೆ. ಸೆಬ್ರಿಂಗ್‌ನಲ್ಲಿ 12 ಗಂಟೆ ತಾಳಿದ ಕಾರು ಲೆ ಮಾನ್‌ನಲ್ಲಿ 24 ಗಂಟೆ ತಾಳುತ್ತದೆ ಎಂದು ತಂಡಗಳು ಅದನ್ನು ಪರೀಕ್ಷೆಯಂತೆ ಬಳಸಿದ್ದುಂಟು.

ಮೊದಲ ಸಲ ನೋಡುವವರು ಏನು ಗಮನಿಸಬೇಕು?

ಫ್ರಾನ್ಸಿನಲ್ಲಿ ಸಂಜೆ 4ಕ್ಕೆ ಶುರುವಾದರೆ ನಮಗೆ ಶನಿವಾರ ರಾತ್ರಿ 7.30. ಕಾರಿನ ನಂಬರ್ ಹಲಗೆಯ ಬಣ್ಣ ನೋಡಿ: ಹೈಪರ್‌ಕಾರ್ ಕೆಂಪು, ಎಲ್‌ಎಂಪಿ2 ನೀಲಿ, ಮಾರಾಟದ ಕಾರುಗಳನ್ನು ಆಧರಿಸಿದ ಎಲ್‌ಎಂಜಿಟಿ3 ಕಿತ್ತಳೆ. ಒಂದೇ ರಸ್ತೆಯಲ್ಲಿ ಮೂರು ರೇಸ್ ನಡೆಯುತ್ತಿವೆ ಎಂಬುದು ಆಗ ಅರ್ಥವಾಗುತ್ತದೆ. ಇಡೀ ರಾತ್ರಿ ಎಚ್ಚರ ಇರಲಾಗದಿದ್ದರೆ ಮೊದಲ ಎರಡು ಗಂಟೆ ನೋಡಿ ಮಲಗಿ. ನಮ್ಮ ಬೆಳಗಿನ 9ರ ಹೊತ್ತಿಗೆ ಅಲ್ಲಿ ಬೆಳಕು ಹರಿಯುತ್ತಿರುತ್ತದೆ, ಆಗ ಮತ್ತೆ ಕೂತುಕೊಳ್ಳಿ. ಮೊದಲು ಯಾರು ಮುಂದಿದ್ದಾರೆ ಎಂದು ನೋಡುವ ಬದಲು ಯಾವ ಕಾರು ಎಷ್ಟು ಸಲ ಪಿಟ್‌ಗೆ ಬಂದಿದೆ ಎಂಬ ಅಂಕಣ ನೋಡಿ. ಒಂದು ಸ್ಟಾಪ್ ಹೆಚ್ಚು ಮಾಡಿಯೂ ಹತ್ತಿರದಲ್ಲಿರುವ ಕಾರೇ ನಿಜವಾಗಿ ಮುಂದಿರಬಹುದು, ಎದುರಾಳಿ ಇನ್ನೂ ಪಿಟ್‌ಗೆ ಬರಬೇಕಿರುತ್ತದೆ.